ಕೊಬ್ಬರಿ ಹೆಚ್ಚುವ ಭಾನುವಾರ

ಸಂಕ್ರಾಂತಿಗೆ ಮುಂಚಿನ ಭಾನುವಾರ ಬಂದರೆ ನನ್ನ ಬಲಗೈ ಹೆಬ್ಬೆರಳಿನ ಬುಡ ಈಗಲೂ ತುರಿಸುತ್ತದೆ. ಅಲ್ಲೊಂದು ಗಟ್ಟಿ ಜಾಗವಿದೆ, ವರ್ಷ ವರ್ಷವೂ ಅಡಕತ್ತರಿ ಒತ್ತಿ ಒತ್ತಿ ಆದದ್ದು. ಒಮ್ಮೆ ಆಫೀಸಿನ ಹುಡುಗಿಯೊಬ್ಬಳು ಅದನ್ನು ನೋಡಿ, ಜಿಮ್ಮಿಗೆ ಹೋಗ್ತೀರಾ ಮೇಡಂ ಎಂದು ಕೇಳಿದಳು. ಹೌದಮ್ಮಾ ಎಂದುಬಿಟ್ಟೆ. ಕೊಬ್ಬರಿಯ ಕಥೆಯನ್ನು ಅವಳಿಗೆ ಎಲ್ಲಿಂದ ಶುರುಮಾಡಿ ಹೇಳಲಿ? ಅವಳ ಮನೆಗೆ ಎಳ್ಳು ಪ್ಯಾಕೆಟ್ಟಿನಲ್ಲಿ ಬರುತ್ತದೆ. ಈಗ ನನ್ನ ಮನೆಗೂ ಹಾಗೆಯೇ ಬರುತ್ತದೆ.

ನಾನು ಬೆಳೆದದ್ದು ಲಗ್ಗೆರೆಯ ಒಂದು ವಠಾರದಲ್ಲಿ. ಅಪ್ಪ ಹಾವೇರಿ ಕಡೆಯಿಂದ ಬಂದು ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದ. ವಠಾರದ ಮಾಲೀಕರು ಮೂಲದಿಂದ ಲಗ್ಗೆರೆಯವರೇ. ರಾಗಿ ಹೊಲವಿದ್ದಲ್ಲಿ ಸಾಲಾಗಿ ಮನೆ ಕಟ್ಟಿ, ನಮ್ಮಂಥವರಿಗೆ ಬಾಡಿಗೆಗೆ ಬಿಟ್ಟು, ತಾವು ಮಹಡಿಯಲ್ಲಿದ್ದರು. ಅವರ ಮಗಳು ನನ್ನ ವಯಸ್ಸಿನವಳು. ವಠಾರದ ಕೊನೆಯ ಮೂಲೆಮನೆಯಲ್ಲಿ ಇನ್ನೊಬ್ಬಳಿದ್ದಳು. ಅವಳಮ್ಮ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಒಬ್ಬಳು ಮಹಡಿಯವಳು, ಇನ್ನೊಬ್ಬಳು ಮೂಲೆಮನೆಯವಳು. ನನಗೆ ಮಾತ್ರ ಊರಿನ ಹೆಸರನ್ನೇ ಇಟ್ಟು ಹುಬ್ಬಳ್ಳಿ ಎನ್ನುತ್ತಿದ್ದರು. ನಮ್ಮದು ಹಾವೇರಿ ಎಂದು ಎಷ್ಟು ಹೇಳಿದರೂ ಅವರ ಪಾಲಿಗೆ ತುಮಕೂರು ದಾಟಿದರೆ ಎಲ್ಲವೂ ಹುಬ್ಬಳ್ಳಿಯೇ.

ನಮ್ಮ ಮನೆಯಲ್ಲಿ ಸಂಕ್ರಾಂತಿಗೆ ಸಕ್ಕರೆ ಪಾಕ ಹತ್ತಿಸಿದ ಕುಸುರೆಳ್ಳು. ಚಿಕ್ಕವರು ಮನೆಯವರಿಗೂ ಓಣಿಯವರಿಗೂ ಎಲ್ಲರಿಗೂ ಕೊಟ್ಟು, ಕಾಲಿಗೆ ಬಿದ್ದು ಬರಬೇಕು. ಕೊಬ್ಬರಿಯನ್ನೂ ಬೆಲ್ಲವನ್ನೂ ಚಿಕ್ಕ ಚಿಕ್ಕದಾಗಿ ಹೆಚ್ಚಿ, ಬಿಸಿಲಿಗೆ ಹಾಕಿ, ಎಳ್ಳು, ಹುರಿಗಡಲೆ, ಕಡಲೆಕಾಯಿ ಬೀಜದ ಜೊತೆ ಬೆರೆಸಿ ತಟ್ಟೆಯಲ್ಲಿ ಬೀರಲು ಹೋಗುವ ಈ ಬೆಂಗಳೂರಿನ ಸಡಗರ ನಮ್ಮವ್ವನಿಗೆ ಗೊತ್ತಿರಲಿಲ್ಲ. ಅದಕ್ಕೇ ಆ ಕೆಲಸ ಕಲಿಯಲು ನನ್ನನ್ನು ಮಹಡಿಗೆ ಕಳಿಸಿದಳು. ಅಲ್ಲಿ ಮಹಡಿಯವಳ ಅಜ್ಜಿ ಚಾಪೆ ಹಾಸಿ, ಅಡಕತ್ತರಿ, ಈಳಿಗೆಮಣೆ, ಮೊರ ಎಲ್ಲ ಹರಡಿಕೊಂಡು ಕೂತಿರುತ್ತಿದ್ದಳು. ನಾವು ಮೂವರು ಹುಡುಗಿಯರು ಅವಳ ಸುತ್ತ. ಮೊದಲ ವರ್ಷ ಕೊಬ್ಬರಿಯ ಕಂದು ಬೆನ್ನು ಹೆರೆಯುವ ಕೆಲಸ ಮಾತ್ರ ಕೊಟ್ಟಳು. ಅದನ್ನೇ ದೊಡ್ಡ ಪದವಿ ಎಂದುಕೊಂಡು ಮಾಡಿದೆವು.

ಹಬ್ಬದ ದಿನ ಅವ್ವ ನನಗೆ ಜರಿ ಲಂಗ ಉಡಿಸಿ, ತಟ್ಟೆಗೆ ಎಳ್ಳು, ಬಾಳೆಹಣ್ಣು, ಕಬ್ಬಿನ ತುಂಡು ಇಟ್ಟು, ‘ಮೊದ್ಲ ಮ್ಯಾಲಿನ ಮನೀ ಅಜ್ಜಿಗೆ ಕೊಟ್ಟು ಬಾ ಹೋಗವ್ವಾ’ ಎಂದಳು. ನಾನು ಜಂಬದಿಂದ ಮೆಟ್ಟಿಲು ಹತ್ತಿ, ಬಾಗಿಲಲ್ಲಿ ನಿಂತು ತಟ್ಟೆ ಚಾಚಿದೆ. ಅಜ್ಜಿ ನನ್ನನ್ನೂ ತಟ್ಟೆಯನ್ನೂ ನೋಡಿ ಬೊಚ್ಚುಬಾಯಿ ತೆರೆದು ನಗತೊಡಗಿದಳು. ಒಳಗಿದ್ದವರೆಲ್ಲ ಬಂದು ನಕ್ಕರು. ‘ಅಯ್ಯೋ ಇವ್ಳ! ನೀನೇ ಎಚ್ಚಿದ ಎಳ್ಳ ನಂಗೇ ಬೀರಕ್ಕೆ ಬಂದಿದ್ದೀಯೇನೇ? ಕೂಡೆ ಕೂತು ಎಚ್ಚಿದೋರು ಮನೆಯೋರು ಕಣವ್ವಾ. ಎಳ್ಳು ಬೀರಾದು ಒರಗ್ನೋರ್ಗೆ’ ಎಂದಳು. ನನಗೆ ಅವಮಾನವಾಗಿ ಅಳು ಬಂತು. ಅಜ್ಜಿ ತಟ್ಟೆ ಕಿತ್ತು ಪಕ್ಕಕ್ಕಿಟ್ಟು, ಬೇಸಿನ್ನಿನಿಂದ ಒಂದು ಹಿಡಿ ಎಳ್ಳು ತೆಗೆದು ನನ್ನ ಬಾಯಿಗೆ ತುರುಕಿ, ಮೊಮ್ಮಗಳ ಪಕ್ಕದಲ್ಲಿ ಕೂರಿಸಿದಳು. ಅಲ್ಲಿಂದಾಚೆಗೆ ನಾವು ಮೂವರು ಎಂದೂ ಒಬ್ಬರಿಗೊಬ್ಬರು ಎಳ್ಳು ಬೀರಲಿಲ್ಲ. ಬೇಸಿನ್ನಿಗೆ ಕೈಹಾಕಿ ತಿಂದೆವು.

ಅಜ್ಜಿ ಹೋದ ಮೇಲೂ ಆ ಭಾನುವಾರ ನಿಲ್ಲಲಿಲ್ಲ. ಮಹಡಿಯವಳ ನಡುಮನೆಯಲ್ಲಿ ಅದೇ ಚಾಪೆ, ಅದೇ ಅಡಕತ್ತರಿಗಳು. ಮೂವರ ಕೈಯೂ ಬೇರೆ. ಮಹಡಿಯವಳು ದಪ್ಪ ದಪ್ಪವಾಗಿ, ಓರೆಯಾಗಿ ಕತ್ತರಿಸುತ್ತಿದ್ದಳು. ತಿಂದವರ ಹಲ್ಲು ಮುರಿಯುತ್ತದೆ ಎಂದು ಬೈಯುತ್ತಿದ್ದೆವು. ಮೂಲೆಮನೆಯವಳದು ಊದಿದರೆ ಹಾರುವಷ್ಟು ತೆಳು. ನನ್ನವು ಚೌಕ. ‘ಸ್ಕೇಲ್ ಇಟ್ಕೊಂಡು ಹೆಚ್ತಾಳೆ ನೋಡೇ ಈ ಹುಬ್ಬಳ್ಳಿ, ಗಂಡನ್ನೂ ಹಿಂಗೇ ಅಳತೆ ತೊಗೊಂಡು ಆರಿಸ್ತಾಳೆ’ ಎಂದು ಮೂಲೆಮನೆಯವಳು ರೇಗಿಸುತ್ತಿದ್ದಳು. ಮೂರನ್ನೂ ಒಂದೇ ಬೇಸಿನ್ನಿಗೆ ಸುರಿದು ಕಲಸಿದರೂ ಯಾವ ಚೂರು ಯಾರದೆಂದು ನಾನು ಕಣ್ಣು ಮುಚ್ಚಿ ಮುಟ್ಟಿ ಹೇಳಬಲ್ಲೆನಾಗಿದ್ದೆ.

ಕೈಗೆ ಕೆಲಸವಿದ್ದರೆ ಬಾಯಿಗೆ ಲಗಾಮಿರುವುದಿಲ್ಲ. ವರ್ಷವಿಡೀ ಯಾರಿಗೂ ಹೇಳದ್ದನ್ನು ಆ ದಿನ ಹೇಳಿಕೊಳ್ಳುತ್ತಿದ್ದೆವು. ಮೂಲೆಮನೆಯವಳು ಅಮ್ಮನಂತೆ ತಾನೂ ಸೇರಿದ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಇಸ್ತ್ರಿ ವಿಭಾಗದವನೊಬ್ಬನನ್ನು ಮೆಚ್ಚಿದ್ದು, ಅವನು ಇವಳ ಗೆಳತಿಯನ್ನು ಮೆಚ್ಚಿದ್ದು, ಮಹಡಿಯವಳು ಸೋದರಮಾವನ ಮಗನನ್ನು ಮದುವೆಯಾಗಲ್ಲ ಎಂದು ಹಟ ಹಿಡಿದು ಕಡೆಗೆ ಅವನನ್ನೇ ಆಗಿ ಅದೇ ಮಹಡಿಯಲ್ಲಿ ಸಂಸಾರ ಹೂಡಿದ್ದು, ಎಲ್ಲವೂ ಕೊಬ್ಬರಿಯ ಜೊತೆ ಚೂರುಚೂರಾಗಿ ಬಂದದ್ದೇ. ನಾನು ಹಗಲು ಪೀಣ್ಯದಲ್ಲಿ ಪ್ಯಾಕಿಂಗ್ ಕೆಲಸ ಮಾಡಿ ಸಂಜೆ ಕಾಲೇಜಿಗೆ ಹೋಗುತ್ತಿದ್ದಾಗ ಒಂದು ವರ್ಷ ಫೇಲಾದೆ. ಅದನ್ನು ಅವ್ವನಿಗಿಂತ ಮೊದಲು ಹೇಳಿದ್ದು ಅಲ್ಲಿ. ‘ಬಿಡ್ಲೇ ಕತ್ತೆ, ಇನ್ನೊಂದ್ ಸಲ ಬರಿ’ ಎಂದು ಇಬ್ಬರೂ ಉಗಿದರು. ಬರೆದೆ, ಪಾಸಾದೆ.

ಮೂಲೆಮನೆಯವಳಿಗೆ ಒಂದು ಖಾಸಾ ಕಥೆಯಿತ್ತು. ಅವಳ ಅತ್ತೆ ಸೊಸೆಯ ಕೈಗೆ ಸಿಗಬಾರದೆಂದು ಕಾಫಿಪುಡಿ ಡಬ್ಬವನ್ನು ದೇವರ ಗೂಡಿನಲ್ಲಿ ಬಚ್ಚಿಟ್ಟು, ಇಟ್ಟದ್ದನ್ನು ಮರೆತು, ಕಣ್ಣು ಮಂಜಾಗಿದ್ದರಿಂದ ಅದಕ್ಕೇ ದಿನವೂ ಹೂವೇರಿಸಿ ಮಂಗಳಾರತಿ ಎತ್ತಿದ ಕಥೆ. ಅತ್ತೆಯ ಧ್ವನಿ ತೆಗೆದು, ಸೆರಗು ಹೊದ್ದು, ಅಡಕತ್ತರಿಯನ್ನೇ ಆರತಿ ಮಾಡಿ, ‘ಕಾಫಿಪುಡಿ ಮಾರಮ್ಮಾ, ಕಾಪಾಡವ್ವಾ’ ಎಂದು ಕೈಮುಗಿಯುತ್ತಿದ್ದಳು. ಆ ಜಾಗ ಬರುವ ಮೊದಲೇ ಮಹಡಿಯವಳಿಗೆ ನಕ್ಕು ನಕ್ಕು ಉಸಿರು ಸಿಕ್ಕಿಕೊಳ್ಳುತ್ತಿತ್ತು. ಆ ಕಥೆಯಿಲ್ಲದೆ ನಮ್ಮ ಸಂಕ್ರಾಂತಿ ಮುಗಿದದ್ದಿಲ್ಲ.

ನಾನು ಸೇಫ್ಟಿ ಆಫೀಸರ್ ಆದೆ. ಕಾರ್ಖಾನೆಯಲ್ಲಿ ಯಾರಿಗೂ ಏಟಾಗದಂತೆ ನೋಡಿಕೊಳ್ಳುವುದು, ಆಗಬಹುದಾದದ್ದನ್ನು ಮೊದಲೇ ಕಂಡು ಹೇಳುವುದು ನನ್ನ ಕೆಲಸ. ವೈಟ್‌ಫೀಲ್ಡ್ ಕಡೆ ಕೆಲಸ ಸಿಕ್ಕಿತು. ಗಂಡನಿಗೂ ಆ ಕಡೆಗೇ ವರ್ಗವಾಯಿತು. ಕಾಡುಗೋಡಿಯಲ್ಲಿ ಒಂದು ಫ್ಲ್ಯಾಟ್ ಮಾಡಿದೆವು. ಈ ಕೆಲಸದಲ್ಲಿ ಕಣ್ಣು ಕೆಟ್ಟುಹೋಗುತ್ತದೆ. ಎಲ್ಲಿ ಹೋದರೂ ಜೋತಾಡುವ ವೈರು, ಸಡಿಲವಾದ ಮೆಟ್ಟಿಲು, ತುಂಬಿದ ಪ್ಲಗ್ಗು ಇವೇ ಕಾಣುತ್ತವೆ. ಮದುವೆಮನೆಯಲ್ಲಿ ಹುಡುಗಿಯ ಸೀರೆ ನೋಡುವ ಮೊದಲು ಬೆಂಕಿ ನಂದಿಸುವ ಸಿಲಿಂಡರ್ ಎಲ್ಲಿದೆ ಎಂದು ನೋಡುವ ಹೆಂಗಸಾದೆ ನಾನು. ಮಾತೂ ಬದಲಾಯಿತು. ಬೈದರೆ ಕೆಲಸಗಾರರು ಕೇಳುವುದಿಲ್ಲ, ಸಿಟ್ಟು ತೋರಿಸಿದರೆ ಮೇಲಿನವರು ಕೇಳುವುದಿಲ್ಲ. ಆದ್ದರಿಂದ ಪ್ರತಿ ಮಾತನ್ನೂ ಎರಡು ಸಲ ತೂಗಿ, ತಣ್ಣಗೆ, ನಗುಮುಖದಿಂದ ಹೇಳುವುದನ್ನು ಕಲಿತೆ. ನನ್ನ ಮೇಲಧಿಕಾರಿ ವರ್ಷದ ಕೊನೆಯಲ್ಲಿ ನನ್ನನ್ನು ಕೂರಿಸಿಕೊಂಡು, ‘ಯೂ ಆರ್ ವೆರಿ ಮೆಚ್ಯೂರ್’ ಎಂದ. ಸಂಬಳ ಹೆಚ್ಚಿದ್ದಕ್ಕಿಂತ ಆ ಮಾತಿಗೆ ಹಿಗ್ಗಿದೆ. ಎಂಥ ಪೆದ್ದಿ!

ಲಗ್ಗೆರೆಗೆ ಹೋಗುವುದನ್ನು ಮಾತ್ರ ಬಿಟ್ಟಿರಲಿಲ್ಲ. ಕಾಡುಗೋಡಿಯಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ನಾಗಸಂದ್ರದ ಕಡೆಯ ರೈಲಿಗೆ ಬದಲಾಯಿಸಿ, ಪೀಣ್ಯದಲ್ಲಿ ಇಳಿದು ಆಟೋ ಹಿಡಿಯುತ್ತಿದ್ದೆ. ಊರಿನ ಈ ತುದಿಯಿಂದ ಆ ತುದಿಗೆ. ಒಂದು ವರ್ಷ ಚಾಪೆಯ ಮೇಲೆ ಕೂರುವ ಮೊದಲೇ ಮಹಡಿಯವಳ ಒಲೆಯ ಕಡೆ ನೋಡಿ, ಗ್ಯಾಸ್ ಪೈಪು ಬಿರುಕು ಬಿಟ್ಟಿದೆ, ಬದಲಾಯಿಸು ಎಂದೆ. ‘ಬಂದ್ಲಪ್ಪಾ ಇನ್ಸ್‌ಪೆಕ್ಟ್ರಮ್ಮ. ಬಂದೋಳು ಮಕ ತೋರ್ಸಾಕೆ ಮುಂಚೆ ಪೈಪ್ ನೋಡ್ತಾಳೆ’ ಎಂದು ಮಹಡಿಯವಳು ಬೆನ್ನಿಗೊಂದು ಗುದ್ದಿದಳು. ಮೂವರೂ ನಕ್ಕೆವು. ಮರುವರ್ಷ ಹೋದಾಗ ಪೈಪು ಹೊಸದಾಗಿತ್ತು. ಮೇಲಿಂದ ಇಳಿಬಿದ್ದಿದ್ದ ವೈರನ್ನು ಮೊಳೆ ಹೊಡೆದು ಗೋಡೆಗೆ ಕಟ್ಟಿದ್ದರು. ಮೆಟ್ಟಿಲ ಮೇಲೆ ಯಾವಾಗಲೂ ಇರುತ್ತಿದ್ದ ಚಪ್ಪಲಿ ರಾಶಿ ಮಾಯವಾಗಿತ್ತು. ‘ನೀನು ಬರ್ತೀಯಾ ಅಂತ ಎಲ್ಲಾ ನೀಟ್ ಮಾಡ್ಸಿದೀವಿ’ ಎಂದು ಮೂಲೆಮನೆಯವಳು ಹೇಳಿದಳು. ತಮಾಷೆಗೆ ಹೇಳಿದಳು ಎಂದುಕೊಂಡು ನಗಲು ಬಾಯಿ ತೆರೆದೆ. ಅವಳು ನಗುತ್ತಿರಲಿಲ್ಲ.

ರೇಗಿಸುವುದು ಕಡಿಮೆಯಾಗುತ್ತ ಬಂತು. ಹುಬ್ಬಳ್ಳಿ ಎನ್ನುವುದು ಹೋಗಿ, ದಾಖಲೆಯಲ್ಲಿರುವ ನನ್ನ ಹೆಸರು ಹಿಡಿದು ಕರೆಯತೊಡಗಿದರು. ಬರೀ ಅವರದೇ ತಪ್ಪೆಂದರೆ ಸುಳ್ಳಾಗುತ್ತದೆ. ಕಾಫಿಪುಡಿ ಮಾರಮ್ಮನ ಕಥೆ ಬಂದಾಗ ನಾನು ನಗುತ್ತಿದ್ದೆ, ಆದರೆ ಮುಗಿಯುವುದನ್ನು ಕಾಯುತ್ತ ನಗುತ್ತಿದ್ದೆ. ಅದೇ ಅತ್ತೆ, ಅದೇ ನಾದಿನಿ, ಅದೇ ಫ್ಲೋರ್ ಇನ್‌ಚಾರ್ಜಿನ ಕಾಟ. ಇಷ್ಟು ವರ್ಷವಾದರೂ ಇವಳು ಒಂದು ಹೆಜ್ಜೆ ಮುಂದೆ ಹೋಗಲಿಲ್ಲವಲ್ಲ ಎಂದು ಒಳಗೊಳಗೇ ಬೇಸರವಾಗುತ್ತಿತ್ತು. ಕೆಲಸ ಬದಲಾಯಿಸು, ಹೀಗೆ ಮಾಡು, ಹಾಗೆ ಮಾತಾಡು ಎಂದು ತಣ್ಣಗೆ ದಾರಿ ಹೇಳುತ್ತಿದ್ದೆ. ಅವಳಿಗೆ ಬೇಕಾಗಿದ್ದದ್ದು ಅವಳ ಜೊತೆ ಸೇರಿ ಆ ಇನ್‌ಚಾರ್ಜಿಗೆ ಹಿಡಿಶಾಪ ಹಾಕುವವರು. ನನಗೆ ಅದು ಬರದಂತಾಗಿತ್ತು. ನಾನೇನಾದರೂ ಹೇಳಿದರೆ ಅವಳು ‘ಹೂಂ ಕಣೇ, ನೀನ್ ಹೇಳೋದು ಕರೆಕ್ಟು’ ಎಂದು ತಲೆ ತಗ್ಗಿಸಿ ಕೊಬ್ಬರಿ ಹೆಚ್ಚುತ್ತಿದ್ದಳು. ನಾವು ಮೂವರೂ ಒಬ್ಬರಿಗೊಬ್ಬರು ಕರೆಕ್ಟು ಎಂದು ಹೇಳಿಕೊಂಡವರೇ ಅಲ್ಲ.

ಒಮ್ಮೆ ಜಾಲಹಳ್ಳಿಯಲ್ಲಿ ಮದುವೆಯೊಂದಕ್ಕೆ ಹೋಗಿದ್ದೆ. ವಠಾರದ ಹಳೆಯ ಬಾಡಿಗೆದಾರಳೊಬ್ಬಳು ಸಿಕ್ಕಿ, ‘ಮೇಲ್ಗಡೆಯೋಳ ಗಂಡಂಗೆ ಹಾರ್ಟ್ ಆಪರೇಷನ್ ಆಯ್ತಲ್ಲ, ಈಗ ಹೆಂಗವ್ನೆ?’ ಎಂದು ನನ್ನನ್ನು ಕೇಳಿದಳು. ನನಗೆ ವಿಷಯವೇ ಗೊತ್ತಿರಲಿಲ್ಲ. ಆಪರೇಷನ್ ಆಗಿ ಆಗಲೇ ತಿಂಗಳುಗಳು ಕಳೆದಿದ್ದವು. ಮಂಟಪದ ಹೊರಗೆ ಬಂದು ಮಹಡಿಯವಳಿಗೆ ಫೋನ್ ಮಾಡಿದೆ. ‘ಅಯ್ಯೋ, ನಿಂಗ್ಯಾಕೆ ತೊಂದ್ರೆ ಅಂತ ಏಳ್ಲಿಲ್ಲ ಕಣಮ್ಮ. ನಿಂಗೂ ಡ್ಯೂಟಿ ಇರ್ತದಲ್ಲ. ಈಗ ಉಷಾರಾಗವ್ರೆ’ ಎಂದಳು. ಅವಳು ಆಸ್ಪತ್ರೆಯ ಹೊರಗೆ ಕೂತಿದ್ದಾಗ ಜೊತೆಯಲ್ಲಿದ್ದದ್ದು ಮೂಲೆಮನೆಯವಳು, ರಜೆ ಹಾಕಿ, ಸಂಬಳ ಕಳೆದುಕೊಂಡು. ನಾನು ಆ ವಾರ ಯಾರಿಗೋ ಬೆಂಕಿ ಬಿದ್ದರೆ ಹೇಗೆ ಓಡಬೇಕು ಎಂದು ಪಾಠ ಮಾಡುತ್ತಿದ್ದಿರಬೇಕು.

ಕೆಟ್ಟ ಸಿಟ್ಟು ಬಂತು. ಮನೆಗೆ ವಾಪಸಾಗುವಾಗ ಮೆಟ್ರೋದಲ್ಲಿ ಅವಳಿಗೆ ಹೇಳಬೇಕಾದ ಬೈಗುಳಗಳನ್ನು ಜೋಡಿಸುತ್ತ ಕೂತಿದ್ದೆ. ಇಂದಿರಾನಗರ ದಾಟುವ ಹೊತ್ತಿಗೆ ಬೇರೊಂದು ನೆನಪಾಯಿತು. ಅದರ ಹಿಂದಿನ ಮಳೆಗಾಲದಲ್ಲಿ ನನ್ನ ಎದೆಯಲ್ಲಿ ಗಂಟು ಕಾಣಿಸಿಕೊಂಡು, ಪರೀಕ್ಷೆಗೆ ಕಳಿಸಿ, ಏನಲ್ಲ ಎಂಬ ಉತ್ತರ ಬರುವವರೆಗೆ ನಾನು ಅನ್ನ ನೀರು ಬಿಟ್ಟು ಕೂತಿದ್ದೆ. ಆಗ ಜೊತೆಗೆ ಬಂದದ್ದು ಆಫೀಸಿನ ಗೆಳತಿ. ಲಗ್ಗೆರೆಯ ಇವರಿಗೆ ತಿಳಿಸಬೇಕೆಂದು ನನಗೆ ತೋಚಲೇ ಇಲ್ಲ. ಬೇಕೆಂದು ಮುಚ್ಚಿಟ್ಟದ್ದಲ್ಲ. ನೆನಪೇ ಆಗಿರಲಿಲ್ಲ. ಜೋಡಿಸಿಟ್ಟ ಬೈಗುಳಗಳೆಲ್ಲ ಅಲ್ಲೇ ಒಣಗಿಹೋದವು. ಕಿಟಕಿಯ ಕಡೆ ಮುಖ ಮಾಡಿ ಕೂತು ಸುಮ್ಮನೆ ಅತ್ತೆ.

ಆದರೂ ಭಾನುವಾರವೊಂದಿದೆಯಲ್ಲ ಎಂಬ ಧೈರ್ಯ. ವರ್ಷಕ್ಕೊಂದು ದಿನ ಆ ಚಾಪೆಯ ಮೇಲೆ ನನಗೊಂದು ಜಾಗವಿದೆ, ಬೇಸಿನ್ನಿನಲ್ಲಿ ನನ್ನ ಚೌಕಗಳಿವೆ, ಅಷ್ಟಿದ್ದರೆ ಉಳಿದದ್ದನ್ನು ಹೇಗಾದರೂ ಸರಿಮಾಡಿಕೊಳ್ಳಬಹುದು ಎಂದು ನಂಬಿದ್ದೆ. ಹೋದ ವರ್ಷ ಸಂಕ್ರಾಂತಿ ಹತ್ತಿರವಾದಾಗ ಕಾಡುಗೋಡಿ ಮಾರ್ಕೆಟ್ಟಿನಲ್ಲಿ ಒಳ್ಳೆಯ ಕೊಬ್ಬರಿ ಬಟ್ಟಲು ಕಂಡು, ಇವರಿಗೆ ಎಂದು ಹೆಚ್ಚಿಗೇ ಕೊಂಡೆ. ಈ ಸಲ ಬಾಯಿ ಮುಚ್ಚಿಕೊಂಡು ಕೂರಬೇಕು, ಯಾರಿಗೂ ಬುದ್ಧಿ ಹೇಳಬಾರದು, ಎದೆಯ ಗಂಟಿನ ವಿಷಯ ಹೇಳಿ ಬೈಸಿಕೊಳ್ಳಬೇಕು ಎಂದೆಲ್ಲ ಲೆಕ್ಕ ಹಾಕಿದೆ. ಮೂವರದೇ ಒಂದು ವಾಟ್ಸಾಪ್ ಗುಂಪಿತ್ತು. ‘ಕೊಬ್ಬರಿ ಯಾವ ಭಾನುವಾರ?’ ಎಂದು ಹಾಕಿದೆ. ಮೂಲೆಮನೆಯವಳು ‘ಹೇಳ್ತೀವಿ’ ಎಂದು ಬರೆದಳು. ಮಹಡಿಯವಳು ಕೈಮುಗಿಯುವ ಚಿತ್ರ ಕಳಿಸಿದಳು.

ಯಾರೂ ಹೇಳಲಿಲ್ಲ. ಆ ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ಹಳೆಯ ಕಾಟನ್ ಸೀರೆ ಉಟ್ಟು, ಕೊಬ್ಬರಿ ಚೀಲ ಬಾಗಿಲ ಹತ್ತಿರ ಇಟ್ಟುಕೊಂಡು ಕೂತೆ. ಕಡೆಗೆ ತಡೆಯಲಾಗದೆ ಮಹಡಿಯವಳಿಗೆ ಫೋನ್ ಮಾಡಿದೆ. ‘ಈ ಸಲ ಎಚ್ಚಲ್ಲ ಕಣಮ್ಮ. ನಂಗೆ ಮಣಿಕಟ್ಟು ಇಡ್ಕಂಡೈತೆ. ಅಂಗ್ಡೀಲಿ ರೆಡಿ ಸಿಗ್ತದಲ್ಲ, ತಂದ್ಬುಡಾನ ಅಂತ’ ಎಂದಳು. ಅವಳ ಮಾತಿನ ಹಿಂದೆ ಅಡಕತ್ತರಿಯ ಸದ್ದು ಕೇಳುತ್ತಿತ್ತು. ಟಕ್, ಟಕ್, ನಡುವೆ ಒಂದಿಷ್ಟು ಬಿಡುವು, ಮತ್ತೆ ಟಕ್. ಒಂದಲ್ಲ, ಎರಡು ಅಡಕತ್ತರಿ. ಮೂಲೆಮನೆಯವಳ ಧ್ವನಿ ಏನೋ ಹೇಳಿತು, ಅವಳ ಮಗಳು ಕಿಲಕಿಲ ನಕ್ಕಳು, ಯಾರೋ ಶ್ ಎಂದು ಸುಮ್ಮನಾಗಿಸಿದರು.

ಹಿಂದಿನ ಹುಬ್ಬಳ್ಳಿಯಾಗಿದ್ದರೆ ‘ಎಲೇ ಸುಳ್ಳಿ, ಯಾರ ಕಿವಿಗೆ ಹೂ ಇಡ್ತಿದ್ದೀಯಾ?’ ಎಂದು ಕೂಗಿ, ಆಟೋ ಹತ್ತಿ ಹೋಗಿ, ಚಾಪೆಯ ಮೇಲೆ ಧೊಪ್ಪನೆ ಕೂತು, ಇಬ್ಬರ ಜುಟ್ಟನ್ನೂ ಹಿಡಿಯುತ್ತಿದ್ದಳು. ಅವರೂ ಅಳುತ್ತ ನಗುತ್ತ ಎರಡು ಬಾರಿಸುತ್ತಿದ್ದರು. ಎಲ್ಲ ಸರಿಹೋಗುತ್ತಿತ್ತೋ ಏನೋ. ನಾನು ಹೇಳಿದ್ದು ಇಷ್ಟು: ‘ಪರವಾಗಿಲ್ಲ ಬಿಡು. ಕೈಗೆ ಬಿಸಿನೀರಿನ ಶಾಖ ಕೊಡು. ಭಾರ ಎತ್ತಬೇಡ.’ ಮೇಲಧಿಕಾರಿ ಕೇಳಿಸಿಕೊಂಡಿದ್ದರೆ ಮೆಚ್ಚಿಕೊಳ್ಳುತ್ತಿದ್ದ. ಅವಳು ‘ಹೂಂ ಕಣಮ್ಮ’ ಎಂದಳು. ಫೋನ್ ಇಟ್ಟು, ಬಾಗಿಲ ಹತ್ತಿರದ ಕೊಬ್ಬರಿ ಚೀಲವನ್ನು ಎತ್ತಿ ಒಳಗೆ ಒಯ್ದೆ. ಅದರ ಬೆನ್ನಿಗೇ, ಇವತ್ತು ಊರ ಆ ತುದಿಗೆ ಹೋಗುವುದು ತಪ್ಪಿತಲ್ಲ ಎಂಬ ಹಗುರವೂ ಒಂದು ಕ್ಷಣ ಬಂದುಹೋಯಿತು. ಅವಳ ಸುಳ್ಳಿಗಿಂತ ಆ ಹಗುರಕ್ಕೆ ನಾನು ಹೆದರಿದೆ. ಉಳಿದ ದಿನ ಒಬ್ಬಳೇ ಕೂತು ತಂದ ಕೊಬ್ಬರಿಯನ್ನು ಚೌಕ ಚೌಕ ಹೆಚ್ಚಿದೆ. ಫ್ಲ್ಯಾಟಿನಲ್ಲಿ ಬಿಸಿಲು ಬೀಳುವ ಜಾಗವಿಲ್ಲದೆ ಅದು ಸರಿಯಾಗಿ ಒಣಗಲಿಲ್ಲ. ಎರಡೇ ದಿನಕ್ಕೆ ಮುಗ್ಗಲು ವಾಸನೆ ಹಿಡಿಯಿತು.

ಸಂಕ್ರಾಂತಿಯ ದಿನ ಮಧ್ಯಾಹ್ನ ಗೇಟಿನಿಂದ ಫೋನ್ ಬಂತು. ಇಬ್ಬರು ಹೆಂಗಸರು ಬಂದಿದ್ದಾರೆ, ಕಳಿಸಲಾ ಎಂದು ಕೇಳಿದರು. ಬಾಗಿಲು ತೆರೆದರೆ ಮಹಡಿಯವಳು ಮತ್ತು ಮೂಲೆಮನೆಯವಳು. ಇಬ್ಬರೂ ರೇಷ್ಮೆ ಸೀರೆ ಉಟ್ಟಿದ್ದರು, ತಲೆ ತುಂಬ ಹೂ. ಮಹಡಿಯವಳ ಕೈಯಲ್ಲಿ ಕಸೂತಿ ಬಟ್ಟೆ ಮುಚ್ಚಿದ ತಟ್ಟೆ. ಒಂದು ಕ್ಷಣ ನನಗೆ ಎಷ್ಟು ಖುಷಿಯಾಯಿತೆಂದರೆ ಏನೂ ಅರ್ಥವಾಗಲಿಲ್ಲ. ಅಷ್ಟು ದೂರ, ಹಬ್ಬದ ಜನಜಂಗುಳಿಯಲ್ಲಿ, ಮೆಟ್ರೋದಲ್ಲಿ ತಟ್ಟೆ ಹಿಡಿದುಕೊಂಡು ಬಂದಿದ್ದರು. ಆಮೇಲೆ ಅವಳು ಬಟ್ಟೆ ಸರಿಸಿ ತಟ್ಟೆಯನ್ನು ನನ್ನ ಕಡೆ ಚಾಚಿದಳು. ಎಳ್ಳು, ಸಕ್ಕರೆ ಅಚ್ಚು, ಕಬ್ಬು, ಬಾಳೆಹಣ್ಣು, ಎಲೆಯಡಿಕೆ. ಆ ದಿನ ಎಲ್ಲರೂ ಎಲ್ಲರಿಗೂ ಹೇಳುವ ಆ ಒಳ್ಳೆಯ ಮಾತನ್ನು ಹೇಳಿದಳು.

ಎಳ್ಳು ಬೀರುವುದು ಹೊರಗಿನವರಿಗೆ ಎಂಬ ಅಜ್ಜಿಯ ಮಾತು ಅವಳಿಗೆ ಮರೆತಿರಲಾರದು. ಅವಳದೇ ಅಜ್ಜಿ. ಆದರೂ ಕೇಡು ಬಗೆದು ಬಂದವರಲ್ಲ ಅವರು, ಅದು ಮುಖ ನೋಡಿದರೇ ತಿಳಿಯುತ್ತಿತ್ತು. ನನ್ನನ್ನು ಬಿಡಬಾರದು, ಗೌರವಕ್ಕೆ ಕುಂದಾಗಬಾರದು ಎಂದೇ ಬಂದಿದ್ದರು. ಅವರಿಗೆ ಬೇಕಾದವರ ಪೈಕಿ ಮೊದಲು ಬೀರಬೇಕಾದ ದೊಡ್ಡ ಮನೆ ನನ್ನದಾಗಿತ್ತು. ಇದಕ್ಕೆ ಜಗಳ ಆಡುವುದು ಹೇಗೆ? ತಟ್ಟೆ ತೆಗೆದುಕೊಂಡೆ. ಕುಂಕುಮ ಕೊಟ್ಟೆ. ಇಬ್ಬರೂ ಸೋಫಾದ ಅಂಚಿನಲ್ಲಿ ಕೂತು ಮನೆ ಚೆನ್ನಾಗಿದೆ, ಗಾಳಿ ಚೆನ್ನಾಗಿ ಬರ್ತದೆ ಎಂದರು. ನಾನು ಮಹಡಿಯವಳ ಗಂಡನ ಆರೋಗ್ಯ ಕೇಳಿದೆ, ಮೂಲೆಮನೆಯವಳ ಮಗಳ ಕಾಲೇಜಿನ ವಿಷಯ ಕೇಳಿದೆ. ಎಲ್ಲ ಚೆನ್ನಾಗಿದೆ ಎಂದರು. ನಾನೂ ಎಲ್ಲ ಚೆನ್ನಾಗಿದೆ ಎಂದೆ. ಎದೆಯ ಗಂಟಿನ ವಿಷಯ ಬಾಯಿಯವರೆಗೂ ಬಂತು. ರೇಷ್ಮೆ ಸೀರೆ ಉಟ್ಟು ಬಂದವರ ಎದುರು ಅದನ್ನು ಹೇಗೆ ತೆಗೆಯುವುದು ಎಂದು ನುಂಗಿಕೊಂಡೆ. ನನ್ನ ಕೊಬ್ಬರಿ ಮುಗ್ಗಿಹೋಗಿತ್ತಲ್ಲ. ಅಕ್ಕಪಕ್ಕದ ಫ್ಲ್ಯಾಟಿನವರಿಗೆಂದು ತಂದಿದ್ದ ಅಂಗಡಿಯ ಪ್ಯಾಕೆಟ್ಟುಗಳಲ್ಲೇ ಎರಡನ್ನು ರವಿಕೆ ಕಣದ ಜೊತೆ ಇಟ್ಟುಕೊಟ್ಟೆ. ಕಣ್ಣಿಗೊತ್ತಿಕೊಂಡು ತೆಗೆದುಕೊಂಡರು.

ಅವರು ಹೋದ ಮೇಲೆ ಅಡುಗೆಮನೆಯಲ್ಲಿ ನಿಂತು ಅವರ ಎಳ್ಳನ್ನು ಅಂಗೈಗೆ ಸುರಿದುಕೊಂಡೆ. ಅಂಗಡಿಯದಲ್ಲ. ದಪ್ಪ ಓರೆ ಚೂರುಗಳು ಮಹಡಿಯವಳವು. ತೆಳುವಾದವು ಮೂಲೆಮನೆಯವಳವು. ಇನ್ನೊಂದು ಬಗೆಯವೂ ಇದ್ದವು, ಅಂಕುಡೊಂಕು, ಒಂದರಂತೆ ಒಂದಿಲ್ಲ, ಹೊಸದಾಗಿ ಕಲಿಯುತ್ತಿರುವ ಕೈಯವು. ನನ್ನ ಜಾಗದಲ್ಲಿ ಆ ಹುಡುಗಿ ಕೂತಿದ್ದಾಳೆ. ಚೆನ್ನಾಗಿ ಒಣಗಿತ್ತು, ರುಚಿಯಾಗಿತ್ತು. ಎಲ್ಲವನ್ನೂ ನಿಂತಲ್ಲೇ ತಿಂದೆ.

ಬೀರಿದವರ ಮನೆಗೆ ತಿರುಗಿ ಬೀರಬೇಕು, ತಪ್ಪಿಸಬಾರದು. ಈ ವರ್ಷ ಸಂಕ್ರಾಂತಿಗೆ ನಾನೂ ರೇಷ್ಮೆ ಸೀರೆ ಉಟ್ಟೆ. ಒಳ್ಳೆಯ ಅಂಗಡಿಯಲ್ಲಿ ಎಳ್ಳು ಕೊಂಡು, ಬೆಳ್ಳಿಯ ತಟ್ಟೆಯಲ್ಲಿ ಜೋಡಿಸಿ, ಅದೇ ದಾರಿ ಹಿಡಿದು ಲಗ್ಗೆರೆಗೆ ಹೋದೆ. ವಠಾರದ ಅರ್ಧ ಕೆಡವಿ ಹೊಸ ಕಟ್ಟಡ ಎಬ್ಬಿಸುತ್ತಿದ್ದರು. ಮಹಡಿಯ ಮೆಟ್ಟಿಲು ಮಾತ್ರ ಹಳೆಯದೇ. ಅರ್ಧ ಹತ್ತಿದಾಗ ಮೇಲಿನಿಂದ ಮೂಲೆಮನೆಯವಳ ಧ್ವನಿ ಕೇಳಿತು. ಅತ್ತೆಯ ಧ್ವನಿ ತೆಗೆದು ಕಾಫಿಪುಡಿ ಡಬ್ಬಕ್ಕೆ ಹೂವೇರಿಸುತ್ತಿದ್ದಳು. ನಾನು ಅಲ್ಲೇ ನಿಂತೆ. ಮುಗಿದರೆ ಸಾಕು ಎಂದು ಎಷ್ಟೋ ಸಲ ಕಾದಿದ್ದ ಕಥೆ, ಈಗ ಮುಗಿಯದಿರಲಿ ಎನ್ನಿಸಿತು. ಮಾರಮ್ಮ ಬಂದಳು, ಮಹಡಿಯವಳ ಉಸಿರು ಸಿಕ್ಕಿಕೊಂಡಿತು, ಹುಡುಗಿಯೂ ಕೇಕೆ ಹಾಕಿದಳು. ಮೆಟ್ಟಿಲ ಮೇಲೆ ತಟ್ಟೆ ಹಿಡಿದುಕೊಂಡು ನಾನೂ ನಕ್ಕೆ, ಸದ್ದಾಗದಂತೆ.

ನಗು ನಿಂತ ಮೇಲೆ ಹತ್ತಿಹೋಗಿ ಬೆಲ್ ಒತ್ತಿದೆ. ಒಳಗೆ ಚಾಪೆ ಎಳೆದ ಸದ್ದಾಯಿತು, ಯಾರೋ ಟೀವಿ ಆರಿಸಿದರು. ಮಹಡಿಯವಳು ಸೆರಗು ಸರಿಮಾಡಿಕೊಳ್ಳುತ್ತ ಬಾಗಿಲಿಗೆ ಬಂದಳು. ಕಣ್ಣಲ್ಲಿ ನಕ್ಕ ನೀರು ಇನ್ನೂ ಇತ್ತು. ಆ ಹಳೆಯ ಬಾಗಿಲಲ್ಲಿ, ಜರಿ ಲಂಗ ಉಟ್ಟು ನಿಂತಿದ್ದ ಜಾಗದಲ್ಲೇ ನಿಂತು ತಟ್ಟೆ ಚಾಚಿದೆ. ಅವಳು ಎರಡೂ ಕೈಯಲ್ಲಿ ತೆಗೆದುಕೊಂಡು ಹಣೆಗೊತ್ತಿಕೊಂಡಳು. ಯಾರೂ ನಗಲಿಲ್ಲ.